ಶಿವಪುರ ಸ್ಟ್ಯಾಂಡರ್ಡು

ಪರದೇಶದ ವಿದ್ಯುತ್ ಸುರಕ್ಷತಾ ನಿಯಮಗಳನ್ನು ನಮ್ಮ ಕೆಲಸದ ಜಾಗಗಳಿಗೆ ಒಗ್ಗಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿರುವ ತಜ್ಞರು ಬೆಂಗಳೂರಿನ ಏಸಿ ಹೋಟೆಲು ಬಿಟ್ಟು, ಮದ್ದೂರಲ್ಲಿ ವಡೆ ತಿಂದು, ಪಕ್ಕದ ಶಿವಪುರದ ಆಸುಪಾಸಿನ ಯಾವುದಾದರೂ ಆಲೆಮನೆಗೆ ಬರಲಿ. ಒಗ್ಗಿಸುವ ಕೆಲಸ ಇಲ್ಲಿ ಎಂದೋ ಮುಗಿದಿದೆ.

ಅಮೆರಿಕದ ಎನ್‌ಎಫ್‌ಪಿಎ 70ಇ ಎಂಬ ಸಂಹಿತೆಯಲ್ಲಿ ಒಂದು ಪಟ್ಟಿಯಿದೆ. 150 ವೋಲ್ಟಿನವರೆಗಿನ ತೆರೆದ ತಂತಿಗೆ ಪಳಗಿದ ಎಲೆಕ್ಟ್ರೀಷಿಯನ್ ಮೈ ತಾಗಿಸದಿದ್ದರೆ ಸಾಕು. 151 ಆಯಿತೋ, ಅವನೂ ತಕ್ಕ ರಕ್ಷಣೆಯಿಲ್ಲದೆ ಒಂದಡಿಯೊಳಗೆ ಕೈ ತರಕೂಡದು. ಅವರ ಮನೆ ಕರೆಂಟು 120 ವೋಲ್ಟು, ಮೇಲಿನ ಸಾಲಿನಲ್ಲಿ ಹಾಯಾಗಿ ಕೂರುತ್ತದೆ. ನಮ್ಮ ಮನೆಯದೇ 230, ಗಾಣದ ಮೋಟರಿನದು 415. ‘ಮನೆ ಕರೆಂಟು ತಾನೇ’ ಎಂದು ಅವರ ಮೊದಲ ಸಾಲನ್ನು ಇಳಿಸಿಕೊಂಡವನಿಗೆ ಎರಡನೇ ಸಾಲು ಓದುವ ಅವಕಾಶ ಸಿಗುವುದು ಅನುಮಾನ. ನಮ್ಮ ಆಲೆಮನೆಯಲ್ಲಿ ಇಂಥ ಸಾಲುಗಳ ತಕರಾರಿಲ್ಲ. ಕಬ್ಬಿನಹಾಲು ಚೆಲ್ಲಿದ ನೆಲ, ಬರಿಗಾಲು, ಮುಚ್ಚಳ ಕಳಚಿದ ಸ್ಟಾರ್ಟರು. ದೂರ ನಿಲ್ಲೋಣವೆಂದರೆ ಕಬ್ಬು ಕೊಡುವವರಾರು?

ಬಣ್ಣದ ವಿಚಾರ ಇನ್ನೂ ಸೊಗಸು. ಅಮೆರಿಕದಲ್ಲಿ ಕಪ್ಪು ವೈರೆಂದರೆ ಜೀವಂತ ಕರೆಂಟು. ನಮ್ಮ ಹಳೇ ರೂಢಿಯಲ್ಲಿ ಕಪ್ಪು ನ್ಯೂಟ್ರಲ್. ಯುರೋಪಿನಲ್ಲಿ ನೀಲಿ ನ್ಯೂಟ್ರಲ್, ನಮ್ಮಲ್ಲಿ ನೀಲಿ ಮೂರನೇ ಫೇಸು. ಒಂದು ದೇಶದಲ್ಲಿ ಧೈರ್ಯವಾಗಿ ಮುಟ್ಟಿದ ಬಣ್ಣ ಇನ್ನೊಂದು ದೇಶದಲ್ಲಿ ತಿಥಿ ಮಾಡಿಸುತ್ತದೆ. ಇದಕ್ಕೆ ಜಾಗತಿಕ ಪರಿಹಾರ ಹುಡುಕುತ್ತಿರುವವರಿಗೆ ಆಲೆಮನೆಯ ಉತ್ತರ: ಒಂದು ಸುಗ್ಗಿ ಹೊಗೆ ಕುಡಿಸಿ. ಎಲ್ಲ ವೈರೂ ಒಂದೇ ಬಣ್ಣಕ್ಕೆ ಬರುತ್ತವೆ.

ಪರದೇಶದ್ದನ್ನು ತರಿಸುವುದರಲ್ಲಿ ಈ ಜಿಲ್ಲೆಯವರು ಹಿಂದೆ ಬಿದ್ದವರೇನಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಅಮೆರಿಕದ ಜನರೇಟರು, ಸ್ವಿಟ್ಜರ್ಲೆಂಡಿನ ಟರ್ಬೈನು ಕೂಡಿಸಿ 1902ರಲ್ಲೇ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದರು. ಯಂತ್ರ ಬಂತು, ತಂತಿ ಬಂತು. ಬ್ರಿಟಿಷರ ಮೂರು ಪಿನ್ನಿನ ಪ್ಲಗ್ಗೂ ಬಂತು. ಅವರು 1947ರಲ್ಲಿ ದುಂಡು ಪಿನ್ನು ಬಿಟ್ಟು ಫ್ಯೂಸಿರುವ ಚಪ್ಪಟೆ ಪಿನ್ನಿಗೆ ಹೊರಳಿದರು. ಅದೇ ವರ್ಷ ಅವರನ್ನು ಕಳಿಸಿಕೊಟ್ಟ ನಾವು ಅವರ ಹಳೇ ಪ್ಲಗ್ಗನ್ನು ಮಾತ್ರ ಇಟ್ಟುಕೊಂಡೆವು. ಅದರ ಮೇಲಿನ ಪಿನ್ನು ಉದ್ದ. ಎಲ್ಲಕ್ಕಿಂತ ಮೊದಲು ಅರ್ಥಿಂಗ್ ಕೂಡಲಿ ಎಂದು. ಆಲೆಮನೆಯಲ್ಲಿ ಪ್ಲಗ್ಗೇ ಇಲ್ಲ. ಎರಡು ವೈರಿನ ತುದಿ ಸುಲಿದು ತೂತಿಗೆ ತುರುಕಿ, ಜಾರದಂತೆ ಎರಡು ಬೆಂಕಿಕಡ್ಡಿ ಸಿಕ್ಕಿಸಿದರೆ ಆಯಿತು.

ಫ್ಯೂಸಿಗೆ ಬರೋಣ. ಹೊರೆ ಹೆಚ್ಚಾದಾಗ ತಾನು ಸುಟ್ಟು ಉಳಿದದ್ದನ್ನು ಕಾಯಬೇಕಾದ ಬಡಪಾಯಿ ಅದು. ಆದರೆ ತ್ರೀಫೇಸು ಇರುವುದು ಒಂದಷ್ಟು ಗಂಟೆ, ಹಾಲು ನಿಂತರೆ ಹುಳಿ, ಬೆಲ್ಲ ಕೆಡುತ್ತದೆ. ಹಾಗಾಗಿ ತಾಮ್ರದ ನಾಕೆಳೆ ಹೊಸೆದು ಕಟ್ಟುತ್ತಾರೆ. ಫ್ಯೂಸು ಸುಡುವುದಿಲ್ಲ. ಸುಡುವ ಕೆಲಸ ಆಳಿಗೆ ವರ್ಗವಾಗುತ್ತದೆ.

“ಅರ್ಥಿಂಗ್ ಎಲ್ಲಣ್ಣ?” ಎಂದು ಕೇಳಿ ನೋಡಿ. “ಅಯ್ಯೋ, ಅದ್ಯಾಕ್ ಬುಡಿ ಸಾ, ನಮ್ಮಪ್ಪನ್ ಕಾಲದಿಂದ್ಲೂ ಇಂಗೇ ನಡೀತಾದೆ. ಏನಾಗದೆ?” ಏನಾದವರು ಉತ್ತರ ಹೇಳಲು ಅಲ್ಲಿರುವುದಿಲ್ಲ.

ನಮ್ಮ ನಿಯಮಗಳು ಕಳಪೆಯೆಂದು ಯಾರೂ ತಿಳಿಯಬಾರದು. 1956ರ ಭಾರತೀಯ ವಿದ್ಯುತ್ ನಿಯಮಾವಳಿ ತಲೆಬುರುಡೆ, ಅಡ್ಡಮೂಳೆಯ ಅಪಾಯದ ಫಲಕ ಹಿಂದಿಯಲ್ಲೂ ಊರ ಭಾಷೆಯಲ್ಲೂ ಇರಬೇಕೆಂದಿತು. ಉತ್ತರದಿಂದ ಬೆಲ್ಲ ಕಾಯಿಸಲು ಬಂದಿರುವ ಹುಡುಗರನ್ನು ಕಂಡರೆ ಆ ದೂರದೃಷ್ಟಿಗೆ ಕೈ ಮುಗಿಯಬೇಕು. ಫಲಕ ಮಾತ್ರ ಹೊಲದಾಚೆಯ ಟ್ರಾನ್ಸ್‌ಫಾರ್ಮರ್ ಕಂಬದಲ್ಲಿದೆ. ಹುಡುಗರು ಇರುವುದು ಕೊಪ್ಪರಿಗೆಯ ಹತ್ತಿರ. ಶಾಕ್ ಹೊಡೆದವರಿಗೆ ಏನು ಮಾಡಬೇಕೆಂಬ ಚಿತ್ರಪಟ ತೂಗುಹಾಕಬೇಕೆಂದೂ ಅದೇ ನಿಯಮಾವಳಿ ಹೇಳಿತು. ಅದನ್ನು ಕಾಣಬೇಕಾದರೆ ಗೊಬ್ಬರದಂಗಡಿಯ ಕ್ಯಾಲೆಂಡರನ್ನು ಕೊಂಚ ಸರಿಸಬೇಕು.

ಕಾಯ್ದೆ ಮುರಿಯುವುದು ಈ ಮಣ್ಣಿನ ಗುಣ ಎಂದು ಎದೆಯುಬ್ಬಿಸುವವರೂ ಇದ್ದಾರೆ. 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮುರಿದು ಬಾವುಟ ಹಾರಿಸಿದ ಊರಲ್ಲವೇ ಇದು! ಆ ಧ್ವಜ ಸತ್ಯಾಗ್ರಹದಲ್ಲಿ ಕಾಯ್ದೆ ಮುರಿದವರೇ ಜೈಲಿಗೂ ಹೋದರು. ಈಗ ಮುರಿಯುವವನು ಮಾಲೀಕ, ಶಿಕ್ಷೆ ಆಳಿಗೆ. ಮಾರನೆಯ ದಿನದ ಪತ್ರಿಕೆಯಲ್ಲಿ ಆರೋಪಿಯ ಹೆಸರು ‘ಶಾರ್ಟ್ ಸರ್ಕ್ಯೂಟ್’.

ಆದ್ದರಿಂದ ತಜ್ಞರಲ್ಲಿ ಅರಿಕೆ: ಎಷ್ಟು ದಿನ ಅಂತ ಅವರದನ್ನೇ ತರಿಸುವುದು? ಈ ಸಲ ನಮ್ಮ ಸ್ಟ್ಯಾಂಡರ್ಡನ್ನು ಅಮೆರಿಕಕ್ಕೆ ಕಳಿಸಿ. ಅಲ್ಲಿ ಒಗ್ಗಲು ಒಂದೇ ತೊಡಕು, ಆಳು ಮೋಟರಿಗಿಂತ ದುಬಾರಿ. ಅದೊಂದನ್ನು ಅವರು ಸರಿಪಡಿಸಿಕೊಂಡರೆ ಮಿಕ್ಕಿದ್ದನ್ನು ನಾವು ಪಾರ್ಸೆಲ್ ಮಾಡುತ್ತೇವೆ, ಬೆಂಕಿಕಡ್ಡಿ ಸಮೇತ.