ಪ್ರಥಮ ಜೀರ್ಣರಥಕ್ರಯ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ, ಅದನ್ನು ಓದಲು ಅಧಿಕಾರಿ ಯಾರು, ಅದರ ವಿಷಯವೇನು, ಸಂಬಂಧವೇನು, ಪ್ರಯೋಜನವೇನು ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ನಮ್ಮ ಪ್ರಾಚೀನರು ಹಾಕಿಕೊಟ್ಟ ಕಟ್ಟಳೆ. ವ್ಯಾಕರಣಕ್ಕೂ ವೇದಾಂತಕ್ಕೂ ಸಂದಿರುವ ಈ ಮರ್ಯಾದೆಯು, ಐವತ್ತು ಸಂವತ್ಸರಗಳನ್ನು ದಾಟಿದ, ಎರಡೇ ಬಾಗಿಲುಗಳುಳ್ಳ, ಓಡುತ್ತದೆಂದು ಮಾರುವವನಿಂದಲೂ ಓಡೀತೆಂದು ಕೊಳ್ಳುವವನಿಂದಲೂ ನಂಬಲ್ಪಟ್ಟ ಮೋಟಾರು ಕಾರೊಂದನ್ನು ಜೀವಮಾನದಲ್ಲಿ ಮೊದಲನೆಯ ಸಲ ಮನೆಗೆ ತರಹೊರಟ ಗೃಹಸ್ಥನ ಶಾಸ್ತ್ರಕ್ಕೆ ಮಾತ್ರ ಈವರೆಗೆ ಸಲ್ಲದೆ ಹೋದುದನ್ನು ಕಂಡು ಮನಸ್ಸು ನೊಂದು, ಹೈದರಾಬಾದಿನ ಬಾಲಾನಗರದಲ್ಲಿ ಲೇತುಗಳ ಗರಗರ ಧ್ವನಿಯ ನಡುವೆ ಬಹುಕಾಲದಿಂದ ನೆಲೆಸಿರುವ ಈ ಲೇಖಕನು ಪ್ರಕೃತ ಮೀಮಾಂಸೆಗೆ ಕೈಹಾಕಿದ್ದಾನೆ.

ಅಧಿಕಾರಿಯ ವಿಚಾರವನ್ನು ಬೇಗ ಮುಗಿಸಬಹುದು. ಧನಿಕನೇ ಅಧಿಕಾರಿಯೆಂಬುದು ಪೂರ್ವಪಕ್ಷ. ಅದು ಸಲ್ಲದು, ಏಕೆಂದರೆ ಧನಿಕನು ಕಾರನ್ನು ಕೊಳ್ಳುತ್ತಾನೆಯೇ ಹೊರತು ಅದರ ಕೆಳಗೆ ಮಲಗುವುದಿಲ್ಲ. ತಲುಪಬೇಕಾದ ಊರಿನಲ್ಲಿ ವೈರಾಗ್ಯ, ಹಿಂದಿನಿಂದ ಹಾರನ್ನು ಒತ್ತುವ ಲಾರಿಯ ವಿಷಯದಲ್ಲಿ ತಿತಿಕ್ಷೆ, ಎಂಜಿನಿನೊಳಗಿಂದ ಕೇಳಿಬರುವ ಹೊಸ ಶಬ್ದದಲ್ಲಿ ಶ್ರದ್ಧೆ, ಇವುಗಳ ಜೊತೆಗೆ ಆಫೀಸಿಗೆ ಹೋಗಿಬರಲು ಬೇರೊಂದು ವಾಹನ—ಇಷ್ಟು ಸಾಧನಸಂಪತ್ತಿ ಉಳ್ಳವನೇ ಅಧಿಕಾರಿ. ಇವುಗಳಲ್ಲಿ ಕಡೆಯದಿಲ್ಲದೆ ಮೊದಲ ಮೂರನ್ನು ಬಹುದಿನ ಉಳಿಸಿಕೊಂಡವರು ವಿರಳ.

ಇನ್ನು ವಿಷಯ. ಪುರಾತನ ಕ್ರೀಡಾರಥವೆಂದರೆ ಯಾವುದು? ಎಂ.ಜಿ., ಜಾಗ್ವಾರ್ ಮೊದಲಾದ ಮಹಾಕುಲಪ್ರಸೂತವಾದ ವಾಹನಗಳು ಮಹಾರಾಜರೊಡನೆಯೂ ತೋಟದ ದೊರೆಗಳೊಡನೆಯೂ ರಾಯಭಾರಿಗಳೊಡನೆಯೂ ಈ ದೇಶಕ್ಕೆ ಬಂದುವಾದರೂ, ಅವುಗಳಲ್ಲಿ ಉಳಿದುಕೊಂಡವು ಈಗ ಸಂಗ್ರಾಹಕರ ಅಂತಃಪುರಗಳನ್ನು ಸೇರಿಬಿಟ್ಟಿವೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳಂತೆ ಅವುಗಳ ದರ್ಶನಕ್ಕೆ ಅವಕಾಶವುಂಟು, ಕ್ರಯಕ್ಕಿಲ್ಲ. ಸ್ವಾತಂತ್ರ್ಯಾನಂತರ ಆಮದಿನ ಬಾಗಿಲು ಬಿಗಿಯಾಗಿ, ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಎಂಬ ಮೂವರ ಕೈಯಲ್ಲಿ ದೇಶದ ರಸ್ತೆಗಳೆಲ್ಲವೂ ಬಿದ್ದ ಕಾಲದಲ್ಲಿ, ಎರಡು ಬಾಗಿಲುಗಳ ವಿಲಾಸವನ್ನು ಮಧ್ಯಮವರ್ಗದವರಿಗೆ ತೋರಿಸಿದ್ದು 1961ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಒಂದೇ. ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಅದರ ರೂಪವನ್ನು ಕಲ್ಪಿಸಿದವನು. ಇಂಗ್ಲೆಂಡಿನಲ್ಲಿ ಅದರ ಮೂಲವಾದ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಅವತರಿಸಿತು. ಎಂಜಿನು 948 ಸಿಸಿ. ಇಷ್ಟು ಅಲ್ಪವಾದ ಎಂಜಿನನ್ನು ಕ್ರೀಡೆಯೊಡನೆ ಜೋಡಿಸುವುದು ಹೇಗೆಂದು ಶಂಕಿಸುವವರಿಗೆ ಸಮಾಧಾನವಿದು: 1962ರಲ್ಲಿ ಪ್ರಕಟವಾದ ಸ್ಪಿಟ್‌ಫೈರ್ ಎಂಬ ಸಾಕ್ಷಾತ್ ಸ್ಪೋರ್ಟ್ಸ್ ಕಾರು ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡಗೊಳಿಸಿ, ಅದೇ ಮಿಕೆಲೊಟ್ಟಿಯ ಕೈಯಿಂದ ರೂಪಗೊಂಡದ್ದು. ತಮ್ಮನು ಕ್ಷತ್ರಿಯನಾದ ಮೇಲೆ ಅಣ್ಣನು ಬೇರೆ ವರ್ಣದವನಾಗುವುದು ಹೇಗೆ?

ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ಸ್ಪಿಟ್‌ಫೈರ್ ಎಂಬ ಹೆಸರು ಯುದ್ಧವಿಮಾನದ್ದೆಂಬುದನ್ನೂ, ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ 152ನೆಯ ದಳವು ನಿಜಾಮರ ದಾನದ ದೆಸೆಯಿಂದ ‘ಹೈದರಾಬಾದು’ ಎಂಬ ಹೆಸರನ್ನು ಹೊತ್ತು, ಅವರ ಶಿರೋಭೂಷಣವನ್ನೇ ಲಾಂಛನದಲ್ಲಿ ಧರಿಸಿ, ಸ್ಪಿಟ್‌ಫೈರ್‌ಗಳನ್ನೇ ಹಾರಿಸಿತೆಂಬುದನ್ನೂ ಒಟ್ಟಿಗೆ ಆಲೋಚಿಸಿದರೆ, ಸದರಿ ಕಾರಿನ ಗೋತ್ರವು ಇಂಗ್ಲೆಂಡಿನ ಕವೆಂಟ್ರಿಯದಲ್ಲ, ನಮ್ಮ ಊರಿನದೆಂದು ಸಾಧಿಸುವುದು ಕಷ್ಟವಲ್ಲ. ಇದಕ್ಕಿಂತ ದುರ್ಬಲವಾದ ಆಧಾರಗಳ ಮೇಲೆ ಕವಿಗಳ ಜನ್ಮಸ್ಥಳಗಳನ್ನು ನಿರ್ಣಯಿಸಿದ ವಿದ್ವಾಂಸರು ನಮ್ಮಲ್ಲಿ ಇದ್ದಾರೆ.

ವಸ್ತುವು ಸಿಕ್ಕಿತು, ಲಕ್ಷಣ ಬೇಕು. ವೇಗವು ಲಕ್ಷಣವಾಗಲಾರದು. ಅವ್ಯಾಪ್ತಿಗಿಂತ ಘೋರವಾದ ಅಸಂಭವದೋಷವೇ ಅಲ್ಲಿ ಪ್ರಾಪ್ತವಾಗುತ್ತದೆ. ವಯಸ್ಸು ಲಕ್ಷಣವಾದರೆ ಈ ಪ್ರದೇಶದಲ್ಲಿ ಮಾಸಿಕ ಬಾಡಿಗೆ ತರುತ್ತಿರುವ ಅನೇಕ ಲೇತುಗಳೂ ಕ್ರೀಡಾರಥಗಳಾಗಬೇಕಾಗುತ್ತದೆ. ಆದಕಾರಣ ‘ತುಕ್ಕುಮತ್ತ್ವವೇ ಲಕ್ಷಣ’ ಎಂಬುದು ಗ್ಯಾರೇಜಿನ ವೃದ್ಧರ ಸಂಪ್ರದಾಯ. ಇದಕ್ಕೆ ಆಕ್ಷೇಪವುಂಟು. ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಆಧಾರದ ಮೇಲೆ ತಯಾರಿಸಿದ ಡಾಲ್ಫಿನ್ ಎಂಬ ಎರಡು ಬಾಗಿಲಿನ ಪುಟ್ಟ ಕಾರು, ಮತ್ತು ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಸಂಸ್ಥೆಯ ಬಳಗದವರು 1990ರ ದಶಕದ ಕೊನೆಯಲ್ಲಿ ಗೋವೆಯಲ್ಲಿ ನಿರ್ಮಿಸಿದ ಸ್ಟಾರ್ಮ್ ಎಂಬ, ಎರಡೇ ಆಸನಗಳ, ಮಡಿಚುವ ಮೇಲ್ಛಾವಣಿಯ ಕಾರು—ಇವೆರಡರ ಮೈಯೂ ಫೈಬರ್‌ಗ್ಲಾಸಿನದಾದ್ದರಿಂದ ತುಕ್ಕು ಹಿಡಿಯತಕ್ಕದ್ದಲ್ಲ. ಆದರೂ ಅವನ್ನು ಪ್ರೀತಿಸುವವರಿದ್ದಾರಲ್ಲ? ಇದ್ದಾರೆ. ಅವರ ಪ್ರೀತಿಯನ್ನು ಈ ಲೇಖಕನು ಗೌರವಿಸುತ್ತಾನೆ. ಆದರೆ ಮೈಗೆ ಬಾರದ ತುಕ್ಕು ಚಾಸಿಗೆ ಬಂದೇ ಬರುವುದರಿಂದ ಲಕ್ಷಣವು ಅಬಾಧಿತವಾಗಿಯೇ ಉಳಿಯುತ್ತದೆ.

ಹೀಗೆ ಲಕ್ಷಿತವಾದ ವಸ್ತುವನ್ನು ಪರೀಕ್ಷಿಸಲು ಪ್ರಮಾಣಗಳು ಮೂರು. ಶಬ್ದಪ್ರಮಾಣವೆಂದರೆ ಮಾರುವವನ ಮಾತು: ‘ಡಾಕ್ಟರು ಇಟ್ಟಿದ್ದ ಗಾಡಿ’, ‘ಎಂಜಿನ್ ಕೈ ಹಚ್ಚಿಲ್ಲ’, ‘ಪೇಪರ್ ಎಲ್ಲಾ ಕ್ಲಿಯರ್’, ‘ಸಣ್ಣಪುಟ್ಟ ಕೆಲಸ ಇದೆ ಅಷ್ಟೆ’. ಜೈಮಿನಿಯ ಅನುಯಾಯಿಗಳು ವೇದದಲ್ಲಿಯೇ ವಿಧಿಯನ್ನೂ ಅರ್ಥವಾದವನ್ನೂ ಬೇರ್ಪಡಿಸಿದಂತೆ ಇಲ್ಲಿಯೂ ಬೇರ್ಪಡಿಸಬೇಕು. ಮೊದಲಿನ ಮೂರು ಕೇವಲ ಸ್ತುತಿಪರವಾದ ಅರ್ಥವಾದಗಳು, ನಾಲ್ಕನೆಯದು ಮಾತ್ರ ಕೊಳ್ಳುವವನನ್ನು ಯಾವಜ್ಜೀವ ಕರ್ಮದಲ್ಲಿ ತೊಡಗಿಸುವ ನಿತ್ಯವಿಧಿ. ಪ್ರತ್ಯಕ್ಷಪ್ರಮಾಣಕ್ಕೆ ಬೇಕಾದ ಉಪಕರಣ ಒಂದು ಅಯಸ್ಕಾಂತ. ಬಣ್ಣ ಕೆರೆಯದಿರುವಂತೆ ಅದನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ, ಬಾಗಿಲ ನಡುಭಾಗದಿಂದ ಮೆಲ್ಲನೆ ಕೆಳಕ್ಕೆ ಇಳಿಸುತ್ತ ಬರಬೇಕು. ಮೇಲೆ ಪತಿವ್ರತೆಯಂತೆ ಅಂಟಿಕೊಂಡಿದ್ದ ಅದು, ಬಾಗಿಲ ಕೆಳಗಿನ ಪಟ್ಟಿಗೆ ಬರುತ್ತಲೇ ಕೈಯಲ್ಲಿ ಸಡಿಲವಾಗಿ, ಇನ್ನೊಂದು ಅಂಗುಲ ಸರಿಸಿದೊಡನೆ ನೆಲಕ್ಕೆ ಬಿದ್ದುಹೋಗುವುದು. ಅಲ್ಲಿಂದ ಕೆಳಗೆ ಉಕ್ಕಿಲ್ಲ. ಪುಟ್ಟಿಯುಂಟು, ಪುಟ್ಟಿಯ ಮೇಲೆ ಬಣ್ಣವುಂಟು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರೆ ಮೇಲೆ ‘ಠಣ್’ ಎಂದದ್ದು ಇಲ್ಲಿ ‘ಧಪ್’ ಎನ್ನುತ್ತದೆ. ಆ ಕ್ಷಣದಲ್ಲಿ ಮಾರುವವನು ಆಕಾಶವನ್ನು ನೋಡುತ್ತ ಮಳೆಯ ಮಾತನ್ನು ತೆಗೆಯುವುದು ಸರ್ವದೇಶಸಾಮಾನ್ಯ.

ಆದರೂ ಈ ಕಾರನ್ನು ತ್ಯಜಿಸತಕ್ಕದ್ದಲ್ಲ. ಹೆರಾಲ್ಡಿನ ಬಾನೆಟ್ಟು ಎರಡೂ ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಬಗ್ಗುತ್ತದೆ. ಒಳಗಿನ ಎಂಜಿನು, ಚಕ್ರದ ಕೀಲುಗಳು, ಸ್ಟಿಯರಿಂಗಿನ ಸರಳು, ಎಲ್ಲವೂ ಒಮ್ಮೆಗೇ ಬಯಲಾಗುತ್ತವೆ. ಮುಂದಿನ ಟೈರಿನ ಮೇಲೆ ಕುಳಿತು ಕಾರ್ಬುರೇಟರನ್ನು ಬಿಚ್ಚುವ ಸುಖವನ್ನು ಒಮ್ಮೆ ಅನುಭವಿಸಿದವನಿಗೆ, ನೂತನ ಕಾರುಗಳ ಎಂಜಿನ್ನಿನ ಮೇಲೆ ಹಾಸಿರುವ ಪ್ಲಾಸ್ಟಿಕ್ಕಿನ ಮುಚ್ಚಳವು ಅಪಮಾನದಂತೆ ಕಾಣುವುದು ಸಹಜ. ಈ ವಾಹನವನ್ನು ರಚಿಸಿದವರಿಗೆ ಅದು ಕೆಡುವುದೆಂಬ ಜ್ಞಾನ ಮೊದಲೇ ಇದ್ದಿತು. ಆ ಪ್ರಾಮಾಣಿಕತೆಗೆ ನಾವು ಋಣಿಗಳು.

ಸಂಬಂಧವೆಂಬ ಮೂರನೆಯ ಅನುಬಂಧವನ್ನು ಇತರ ಶಾಸ್ತ್ರಕಾರರು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಇಲ್ಲಿ ಹಾಗೆ ಸಾಧ್ಯವಿಲ್ಲ, ಏಕೆಂದರೆ ಕೊಂಡವನಿಗೂ ಕಾರಿಗೂ ಇರುವ ಸಂಬಂಧವು ಸಾಕ್ಷಾತ್ತಾದುದಲ್ಲ, ಟರ್ನರಿನ ಮೂಲಕ ಸಿದ್ಧಿಸತಕ್ಕದ್ದು. ಮತ್ತು ಟರ್ನರುಗಳ ವಿಷಯದಲ್ಲಿ ಬಾಲಾನಗರಕ್ಕೆ ಸಮನಾದ ಕ್ಷೇತ್ರವು ಹತ್ತಿರದಲ್ಲಿ ಇನ್ನೊಂದಿಲ್ಲ. 1960ರ ದಶಕದಲ್ಲಿ ಸೋವಿಯತ್ ನೆರವಿನ ಐಡಿಪಿಎಲ್ ಔಷಧ ಕಾರ್ಖಾನೆಯೂ, ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳ ಎಚ್‌ಎಎಲ್ ವಿಭಾಗವೂ, 1968ರಲ್ಲಿ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯೂ ಇಲ್ಲಿ ತಲೆಯೆತ್ತಿದ ಮೇಲೆ, ಅವುಗಳ ನೆರಳಿನಲ್ಲಿ ಫತೇನಗರದ ಕಡೆಯವರೆಗೂ ತಗಡಿನ ಶೆಡ್ಡುಗಳು ಬೆಳೆದು, ಒಂದರಲ್ಲಿ ಲೇತು, ಪಕ್ಕದ್ದರಲ್ಲಿ ಮಿಲ್ಲಿಂಗು, ಎದುರಿಗೆ ಗ್ರೈಂಡಿಂಗು, ಸಂದಿಯ ಕೊನೆಯಲ್ಲಿ ಕ್ರೋಮಿಯಂ ಪ್ಲೇಟಿಂಗು ಎಂಬಂತೆ, ಒಂದು ಬೋಲ್ಟು ಹುಟ್ಟಿ ಸಂಸ್ಕಾರಗಳನ್ನೆಲ್ಲ ಪಡೆದು ಹೊರಬೀಳಲು ಬೇಕಾದ ಪುರೋಹಿತವರ್ಗವೆಲ್ಲವೂ ಒಂದೇ ಬೀದಿಯಲ್ಲಿ ದೊರೆಯುವಂತಾಯಿತು. ಬೀದರ, ಜಹೀರಾಬಾದುಗಳ ಕಡೆಯಿಂದ ಬಂದು ಇಲ್ಲಿ ಕೈಪಳಗಿಸಿಕೊಂಡವರೂ ಇವರಲ್ಲಿ ಉಂಟಾದ್ದರಿಂದ, ಈ ಶಾಸ್ತ್ರದ ಸೂಕ್ಷ್ಮಗಳನ್ನು ಕನ್ನಡದಲ್ಲಿಯೇ ಕೇಳುವ ಭಾಗ್ಯವೂ ಜಿಜ್ಞಾಸುವಿಗೆ ಉಂಟು.

ಉದಾಹರಣೆಗೆ ಹೆರಾಲ್ಡಿನ ಮುಂಚಕ್ರದ ಕೆಳಗಿನ ಕೀಲನ್ನು ತೆಗೆದುಕೊಳ್ಳೋಣ. ಟ್ರನಿಯನ್ ಎಂದು ಅದರ ಹೆಸರು. ಹಿತ್ತಾಳೆ ಬಣ್ಣದ ಒಂದು ಗಟ್ಟಿಯೊಳಗೆ ಥ್ರೆಡ್ ಕೊರೆದು, ಅದರಲ್ಲಿ ಉಕ್ಕಿನ ಕಂಬವು ತಿರುಗುವಂತೆ ಮಾಡಿದ್ದಾರೆ. ಅದಕ್ಕೆ ಹಾಕಬೇಕಾದುದು ಗಿಯರ್ ಪೆಟ್ಟಿಗೆಗೆ ಹಾಕುವ 90ರ ದಪ್ಪ ಎಣ್ಣೆ. ನಮ್ಮ ಸರ್ವೀಸ್ ಸ್ಟೇಷನ್ನುಗಳವರು ತಲೆತಲಾಂತರದಿಂದ ಹೊಡೆದದ್ದು ಗ್ರೀಸು. ಗ್ರೀಸು ಒಣಗಿ ಗಟ್ಟಿಯಾಗುತ್ತದೆ, ಒಳಗೆ ನೀರು ಸೇರುತ್ತದೆ, ಕಂಬವನ್ನು ತುಕ್ಕು ತಿನ್ನುತ್ತದೆ, ಒಂದು ದಿನ ತಿರುವಿನಲ್ಲಿ ಕಂಬ ತುಂಡಾಗಿ ಚಕ್ರವು ಮಡಿಚಿಕೊಂಡು ಕಾರು ಮಂಡಿಯೂರುತ್ತದೆ. ಇಂಥ ಒಂದು ಕೀಲನ್ನು ಕಾಗದದಲ್ಲಿ ಸುತ್ತಿಕೊಂಡು ಹೋದಾಗ, ಬೀದರ ಸೀಮೆಯ ಟರ್ನರು ಅದನ್ನು ಬೆಳಕಿಗೆ ಹಿಡಿದು, ಕಿರುಬೆರಳನ್ನು ಒಳಗೆ ತೂರಿಸಿ ನೋಡಿ ಹೇಳಿದ್ದು ಹೀಗೆ: “ಇದಕ್ಕ ಗ್ರೀಸ್ ಯಾವ ಪುಣ್ಯಾತ್ಮ ಹೊಡದಾನ್ರಿ? ಗನ್‌ಮೆಟಲ್ ರಾಡ್ ತಂದು ತಿರುವಿ ಕೊಡ್ತೀನಿ, ಅದೇನ್ ದೊಡ್ಡದಲ್ಲ. ಆದ್ರ ಸವದಿದ್ದು ನೋಡಿ ಹೊಸಾದರ ಅಳತಿ ಹ್ಯಾಂಗ ಹೇಳ್ಲಿ ಸಾಹೇಬ್ರ? ಆ ಕಡೀದೂ ಬಿಚ್ಚಿ ತರ್ರಿ.” ಆ ಕಡೆಯದನ್ನೂ ಬಿಚ್ಚಿ ಒಯ್ದಾಯಿತು. ಅದನ್ನು ಕೈಯಲ್ಲಿ ತಿರುಗಿಸಿ ಆತನು ನಕ್ಕನು. “ಇದರ ಥ್ರೆಡ್ ಉಲ್ಟಾ ಅದರೀ.” ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ತಿರುಗುವಂತೆ ಮೂಲದಲ್ಲಿಯೇ ರಚಿಸಿರುವುದರಿಂದ ಒಂದನ್ನು ನೋಡಿ ಇನ್ನೊಂದನ್ನು ಮಾಡಲಾಗದು, ಎರಡನ್ನೂ ಎದುರುಬದುರಾಗಿ ಇಟ್ಟು, ಕನ್ನಡಿಯೊಳಗಿನ ಬಿಂಬದಿಂದ ಮುಖವನ್ನು ಊಹಿಸಿದಂತೆ ಸವೆದುಹೋದ ಲೋಹದ ಅಳತೆಯನ್ನು ಊಹಿಸಬೇಕು. ಹೊಗೆಯಿಂದ ಬೆಂಕಿಯನ್ನು ಊಹಿಸಿದ ಗೌತಮನ ಅನುಮಾನಪ್ರಮಾಣವು ಇದರ ಮುಂದೆ ಬಾಲಪಾಠ.

ಹೀಗೆ ಕೀಲು, ಬುಷ್ಷು, ಪಿಸ್ಟನ್ನು, ನೆಲದ ತಗಡು ಎಲ್ಲವೂ ಬದಲಾದ ಮೇಲೆ ಉಳಿದದ್ದು ಅದೇ ಕಾರೋ ಬೇರೆಯೋ ಎಂಬ ಪ್ರಶ್ನೆ ಏಳುತ್ತದೆ. ನಾಗಸೇನನು ಮಿಲಿಂದರಾಜನನ್ನು, ‘ನೀನು ಬಂದ ರಥವೆಂದರೆ ಗಾಲಿಯೋ, ಅಚ್ಚೋ, ನೊಗವೋ?’ ಎಂದು ಕೇಳಿ ನಿರುತ್ತರಗೊಳಿಸಿದ ಕಾಲದಿಂದ ಇದು ತೀರಿರಲಿಲ್ಲ. ಭಾರತ ಸರ್ಕಾರವು 2021ರ ಜುಲೈಯಲ್ಲಿ ಹೊರಡಿಸಿದ ನಿಯಮಗಳಲ್ಲಿ ತೀರ್ಮಾನಿಸಿದೆ: ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿರಬೇಕು, ಮೂಲರೂಪದಲ್ಲಿರಬೇಕು, ಚಾಸಿ, ಮೈ, ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡು ನಡೆದಿರಕೂಡದು. ಅಂಥ ವಾಹನಕ್ಕೆ ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಪುನರ್ನೋಂದಣಿಗೆ 5,000. ಫಲಕದ ಮೇಲೆ ರಾಜ್ಯದ ಸಂಕೇತದ ಮುಂದೆ ‘ವಿಎ’ ಎಂಬ ಬಿರುದು. ಕರ್ನಾಟಕದಿಂದ ತಂದ ಕಾರಾದರೆ ಇದಕ್ಕೂ ಮೊದಲು 28ನೆಯ ನಮೂನೆಯ ನಿರಾಕ್ಷೇಪಣಪತ್ರ, 29 ಮತ್ತು 30ನೆಯ ನಮೂನೆಗಳ ಹಸ್ತಾಂತರಪತ್ರ, ಮೂಲ ಆರ್‌ಸಿ ಪುಸ್ತಕ ಇಲಿಯ ಪಾಲಾಗಿದ್ದರೆ 26ನೆಯದು. ಪುರಶ್ಚರಣೆಯ ಈ ಭಾಗವನ್ನು ವಿಸ್ತರಿಸಿದರೆ ವಾಚಕರು ಕಾರನ್ನು ಬಿಟ್ಟು ಸನ್ಯಾಸವನ್ನು ಕೊಳ್ಳುವ ಭಯವಿರುವುದರಿಂದ ಇಲ್ಲಿಗೇ ನಿಲ್ಲಿಸಲಾಗಿದೆ.

ಪ್ರಯೋಜನದ ವಿಚಾರಕ್ಕೆ ಬಂದರೆ, ಅದೇ ನಿಯಮವು ಅತ್ಯಂತ ಗಂಭೀರವಾದ ಒಂದು ಮಾತನ್ನಾಡುತ್ತದೆ. ಹೀಗೆ ನೋಂದಣಿಯಾದ ವಾಹನವನ್ನು ದಿನಬಳಕೆಗೆ ರಸ್ತೆಗಿಳಿಸಕೂಡದು. ಪ್ರದರ್ಶನ, ತಾಂತ್ರಿಕ ಸಂಶೋಧನೆ, ಪುರಾತನ ಕಾರುಗಳ ರ್‍ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿ—ಇಷ್ಟಕ್ಕೆ ಮಾತ್ರ ಓಡಿಸಬಹುದು. ಅದೇ ಜುಲೈ ತಿಂಗಳಿನಲ್ಲಿಯೇ ಬಾಲಾನಗರದ ಚೌರಸ್ತೆಯ ಮೇಲೆ ವಾಹನಗಳು ತಡೆಯಿಲ್ಲದೆ ಓಡಲೆಂದು ಬಾಬು ಜಗಜೀವನರಾಮ್ ಮೇಲ್ಸೇತುವೆಯು ಉದ್ಘಾಟನೆಗೊಂಡಿತೆಂಬುದನ್ನು ನೆನೆದರೆ, ಓಡಲು ಸೇತುವೆಯನ್ನೂ ಓಡದಿರಲು ಕಾನೂನನ್ನೂ ಒಂದೇ ಮಾಸದಲ್ಲಿ ಪಡೆದ ನಮ್ಮ ಊರಿನ ಸುಯೋಗಕ್ಕೆ ತಲೆದೂಗಬೇಕಾಗುತ್ತದೆ. ಹೈದರಾಬಾದಿಗೆ ಇದು ಹೊಸತೂ ಅಲ್ಲ. ಆರನೆಯ ನಿಜಾಮರು ತರಿಸಿದ, ಆದರೆ ತಾನು ಬರುವ ಮುನ್ನ 1911ರಲ್ಲಿ ಅವರೇ ತೀರಿಕೊಂಡದ್ದರಿಂದ ಏಳನೆಯವರ ಪಾಲಿಗೆ ಬಂದ ಸಿಂಹಾಸನಯುಕ್ತವಾದ ರೋಲ್ಸ್ ರಾಯ್ಸ್ ಕಾರು, ಓಡಿದುದಕ್ಕಿಂತ ನಿಂತುದರಿಂದಲೇ ಕೀರ್ತಿವಂತವಾಗಿ ಚೌಮಹಲ್ಲಾ ಅರಮನೆಯಲ್ಲಿದೆ. ಹೆರಾಲ್ಡಿನ ಒಡೆಯನಿಗಾದರೋ ಈ ನಿಯಮದಿಂದ ಲೇಶಮಾತ್ರವೂ ಹಾನಿಯಿಲ್ಲ. ಅವನು ಎತ್ತ ಹೊರಟರೂ ದುರಸ್ತಿಯೆಂಬ ಅನುಮತಿಯ ಒಳಗೇ ಇರುತ್ತಾನೆ, ಹೊರಡುವಾಗ ಅಲ್ಲದಿದ್ದರೂ ಹಿಂದಿರುಗುವಾಗ.

ಈ ಭಾಷ್ಯಕ್ಕೆ ಉಳಿದ ಒಂದೇ ಆಕ್ಷೇಪವು ಗೃಹಿಣಿಯದು. “ಅಲ್ಲಾರೀ, ಇಷ್ಟು ದುಡ್ಡು ಸುರಿದ ಕಾರಲ್ಲಿ ಒಂದು ದಿನ ತರಕಾರಿ ತರೋಕೂ ಹೋಗಬಾರದಾ?” ಎಂದಳು. ನಿಯಮದಲ್ಲಿ ತರಕಾರಿಯ ಉಲ್ಲೇಖವಿಲ್ಲವೆಂದೂ, ಆದರೆ ಪೆಟ್ರೋಲನ್ನು ಇಂಥದೇ ಬಂಕಿನಲ್ಲಿ ತುಂಬಿಸಬೇಕೆಂಬ ನಿರ್ಬಂಧವೂ ಇಲ್ಲವೆಂದೂ, ಬೋವೆನ್‌ಪಲ್ಲಿಯ ತರಕಾರಿ ಮಾರುಕಟ್ಟೆಯ ಹಾದಿಯಲ್ಲಿ ಬಂಕುಗಳಿರುವುದರಿಂದ, ಇಂಧನಾರ್ಥವಾಗಿ ಹೊರಟವನಿಗೆ ಬದನೆಕಾಯಿಯು ಆನುಷಂಗಿಕವಾಗಿ ಲಭಿಸುವುದು ನಿಯಮವಿರುದ್ಧವಲ್ಲವೆಂದೂ ವಿವರಿಸಲಾಯಿತು. ಆಕೆ ಬಹಳ ಹೊತ್ತು ಯೋಚಿಸಿ, ಡಿಕ್ಕಿಯನ್ನು ತೆರೆದು, ಅಲ್ಲಿದ್ದ ಸ್ಟೆಪ್ನಿ, ಜಾಕು, ನೀರಿನ ಕ್ಯಾನು, 90ರ ಎಣ್ಣೆಯ ಡಬ್ಬ, ಬಿಚ್ಚಿಟ್ಟ ಹಳೆಯ ಕೀಲುಗಳೆರಡನ್ನೂ ನೋಡಿ, “ಚೀಲ ಎಲ್ಲಿಡೋದು?” ಎಂದು ಕೇಳಿದಳು. ಈ ಪ್ರಶ್ನೆಯು ಉತ್ತರಕಾಂಡಕ್ಕೆ ಸೇರಿದ್ದು.