ತೊಡೆಗಿಟಾರು ಪಾಠಮೀಮಾಂಸೆ

ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಎಡಗೈಯ ಉಕ್ಕಿನ ಕಡ್ಡಿಯನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಲ್ಯಾಪ್ ಸ್ಟೀಲ್ ಗಿಟಾರಿನ ಅಭ್ಯಾಸದಲ್ಲಿ ಎರಡು ಕಾಂಡಗಳಿವೆ. ಪೂರ್ವಕಾಂಡದಲ್ಲಿ ಕೋರ್ಸು ಹುಡುಕುವುದು, ಉತ್ತರಕಾಂಡದಲ್ಲಿ ನುಡಿಸುವುದು. ಪೂರ್ವಕಾಂಡ ಮುಗಿಸಿದವರೇ ವಿರಳವಾದ ಕಾರಣ ಈ ಪ್ರಬಂಧ ಉತ್ತರಕಾಂಡದ ಗೊಡವೆಗೆ ಹೋಗುವುದಿಲ್ಲ.

ಮೊದಲಿಗೆ ಉತ್ಪತ್ತಿ ವಿಚಾರ. ಹವಾಯಿಯ ಓವಾಹು ದ್ವೀಪದಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಈ ವಾದನಕ್ರಮದ ಆದಿಪುರುಷ ಎಂಬುದು ಬಹುಮತ. ಹುಡುಗನಾಗಿದ್ದಾಗ ರೈಲು ಹಳಿಯ ಪಕ್ಕ ಸಿಕ್ಕ ಬೋಲ್ಟನ್ನು ತಂತಿಗೆ ತಾಗಿಸಿದ ಎನ್ನುವವರು ಬೋಲ್ಟ್ ಪಂಥದವರು. ಅಲ್ಲ, ಬಾಚಣಿಗೆ ಎನ್ನುವವರಿದ್ದಾರೆ. ಚಾಕುವಿನ ಬೆನ್ನು ಎಂದು ಹಟ ಹಿಡಿದವರೂ ಇದ್ದಾರೆ. ಮೂರೂ ಪಂಥಗಳು ತಕರಾರಿಲ್ಲದೆ ಒಪ್ಪುವುದು ಒಂದೇ ಸಂಗತಿಯನ್ನು: ಕೆಕುಕು ಯಾವ ಕೋರ್ಸಿಗೂ ಸೇರಿರಲಿಲ್ಲ. ಕೋರ್ಸು ಮಾರುವವರು ಇದನ್ನು ಜಾಹೀರಾತಿನಲ್ಲಿ ಹಾಕುವುದಿಲ್ಲ, ಅದು ಸಹಜ.

ಇಲ್ಲೊಂದು ಪಾಠಾಂತರವೂ ಉಂಟು. ಭಾರತದಲ್ಲಿ ಹುಟ್ಟಿ ಹಡಗೇರಿ ಹವಾಯಿ ಮುಟ್ಟಿದವನೆನ್ನಲಾದ ಗೇಬ್ರಿಯಲ್ ಡೇವಿಯನ್ ಎಂಬಾತ ಕೆಕುಕುವಿಗಿಂತ ಮೊದಲೇ ಹೀಗೆ ನುಡಿಸುತ್ತಿದ್ದ ಎಂಬ ವಾದ. ಈ ಸಾಲು ಕಂಡದ್ದೇ ನಮ್ಮ ಕಡೆಯ ವಿದ್ವಾಂಸರ ಬೆನ್ನು ನೆಟ್ಟಗಾಗುತ್ತದೆ. ಮೆಟ್ಟಿಲೇ ಇಲ್ಲದ ದಂಡಿಯ ಮೇಲೆ ಗೋಟು ಜಾರಿಸುವ ಗೋಟುವಾದ್ಯ ನಮ್ಮಲ್ಲಿಲ್ಲವೇ, ಉತ್ತರದವರಿಗೆ ವಿಚಿತ್ರವೀಣೆಯಿಲ್ಲವೇ ಎಂದು ಅಧ್ಯಾಯಗಳು ಉದ್ದವಾಗುತ್ತವೆ. ಡೇವಿಯನ್ ಗೋಟುವಾದ್ಯವನ್ನು ಕಣ್ಣಿಂದಾದರೂ ಕಂಡಿದ್ದನೇ ಎಂಬ ಸಣ್ಣ ಪ್ರಶ್ನೆಯನ್ನು ಅಡಿಟಿಪ್ಪಣಿಗೆ ದೂಡಲಾಗುತ್ತದೆ.

1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪನಾಮಾ-ಪೆಸಿಫಿಕ್ ಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿದ ಅಮೆರಿಕಕ್ಕೆ ಅದರ ಹುಚ್ಚು ಹಿಡಿಯಿತು. ಹುಚ್ಚು ಇದ್ದಲ್ಲಿ ಕೋರ್ಸು ಇದ್ದೇ ಇರುತ್ತದೆ. ಓವಾಹು ದ್ವೀಪದ ಹೆಸರನ್ನೇ ಇಟ್ಟುಕೊಂಡ ಓವಾಹು ಪಬ್ಲಿಷಿಂಗ್ ಕಂಪನಿ ಎದ್ದು ನಿಂತಿತು. ಅದು ನೆಲೆಯೂರಿದ್ದು ಎಲ್ಲಿ? ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ. ಸಮುದ್ರವಿಲ್ಲ, ತೆಂಗಿನಮರವಿಲ್ಲ, ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ. ಅದರ ಏಜೆಂಟರು ಮನೆಮನೆಯ ಬಾಗಿಲು ತಟ್ಟಿ ಮಕ್ಕಳನ್ನು ಪಾಠಕ್ಕೆ ಸೇರಿಸಿಕೊಂಡರು. ಎಷ್ಟನೇ ತಂತಿ, ಎಷ್ಟನೇ ಫ್ರೆಟ್ ಎಂದು ಅಂಕಿಗಳಲ್ಲೇ ತಿಳಿಸುವ ಹಾಳೆಗಳು ಲೆಕ್ಕವಿಲ್ಲದಷ್ಟು ಅಚ್ಚಾದವು. ಸ್ವರಲಿಪಿ ಓದಲು ಬಾರದವನೂ ಮೊದಲ ವಾರಕ್ಕೇ ಒಂದು ಹಾಡು ನುಡಿಸಿಬಿಡಬಹುದಿತ್ತು. ಪಂಡಿತರು ಇಂಥ ಪಾಠವನ್ನು ಕಂಡು ಮೂಗು ಮುರಿಯುವುದು ವಾಡಿಕೆ. ಆದರೆ ಸಾವಿರಾರು ಮನೆಗಳ ಹಜಾರದಲ್ಲಿ ಈ ವಾದ್ಯ ಉಳಿದದ್ದು ಆ ಹಾಳೆಗಳಿಂದಲೇ, ಪಂಡಿತರಿಂದಲ್ಲ.

ಒಹಾಯೊದ ಮಹಿಮೆ ಅಲ್ಲಿಗೇ ನಿಲ್ಲಲಿಲ್ಲ. ಅದೇ ರಾಜ್ಯದ ಲೈಮಾ ಊರಲ್ಲಿ 1920ರಲ್ಲಿ ಹುಟ್ಟಿದ ಜೆರ್ರಿ ಬರ್ಡ್, ಊರೂರು ತಿರುಗುವ ಡೇರೆ ಪ್ರದರ್ಶನವೊಂದರಲ್ಲಿ ಹವಾಯಿಯವರ ವಾದನ ಕೇಳಿ ಮರುಳಾದವರು. 1970ರ ದಶಕದಲ್ಲಿ ಹವಾಯಿಗೇ ಹೋಗಿ ನೆಲೆಸಿ, ಮಂಕಾಗುತ್ತಿದ್ದ ಈ ವಿದ್ಯೆಯನ್ನು ಹವಾಯಿಯವರಿಗೇ ಹೇಳಿಕೊಟ್ಟರು. ಅವರ ಶಿಷ್ಯ ಅಲನ್ ಅಕಾಕಾ ಇವತ್ತು ಅಲ್ಲಿನ ದೊಡ್ಡ ಗುರು. ಓವಾಹುವಿನಿಂದ ಒಹಾಯೊಗೆ, ಒಹಾಯೊದಿಂದ ಮರಳಿ ಓವಾಹುವಿಗೆ! ಗುರುಪರಂಪರೆಯನ್ನು ವಂಶವೃಕ್ಷದಂತೆ ಬರೆಯಲು ಕೂತ ಸಂಶೋಧಕನಿಗೆ ಬೇರು ಯಾವುದು, ಕೊಂಬೆ ಯಾವುದು ಎಂದು ತಿಳಿಯದೆ ಹಾಳೆ ತಿರುಗಿಸಿ ತಿರುಗಿಸಿ ನೋಡುವ ಗತಿ.

ಮತ್ತೆ ಕೋರ್ಸಿನ ಕಥೆಗೆ ಬಂದರೆ, 1967ರಲ್ಲಿ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕಿನ ಹ್ಯಾಪಿ ಟ್ರಾಮ್ ದಂಪತಿ ಪಾಠಗಳನ್ನು ಟೇಪಿನಲ್ಲಿ ಧ್ವನಿಮುದ್ರಿಸಿ ಅಂಚೆಯಲ್ಲಿ ಕಳಿಸುವ ಹೋಮ್‌ಸ್ಪನ್ ಸಂಸ್ಥೆ ಆರಂಭಿಸಿದರು. ಮುಂದೆ ಅದೇ ಸಂಸ್ಥೆಗೆ ಸ್ಟೀಲ್ ಗಿಟಾರಿನ ವಿಡಿಯೊ ಪಾಠ ಮಾಡಿಕೊಟ್ಟವರಲ್ಲಿ ಸಿಂಡಿ ಕ್ಯಾಶ್‌ಡಾಲರ್ ಒಬ್ಬರು. ಕೋರ್ಸು ಮಾರಾಟಕ್ಕೆ ಇದಕ್ಕಿಂತ ಶುಭನಾಮ ಸಿಗದು. ಅವರ ಕೈ ಮಾತ್ರ ಹೆಸರಿಗಿಂತಲೂ ಚಿನ್ನ. ಅದೇ 1967ರಲ್ಲಿ ನಮ್ಮಲ್ಲಿ ಬ್ರಿಜ್ ಭೂಷಣ್ ಕಾಬ್ರಾ ‘ಕಾಲ್ ಆಫ್ ದ ವ್ಯಾಲಿ’ ರೆಕಾರ್ಡಿನಲ್ಲಿ ಇದೇ ಜಾತಿಯ ಗಿಟಾರಿನಿಂದ ರಾಗ ಹಾಡಿಸುತ್ತಿದ್ದರು. ಅವರನ್ನು ಕೇಳಿ ಕಲಿಯಹೊರಟವನಿಗೆ ಅಂಕಿ ಹಾಳೆಯಿಂದ ಏನೂ ಸಿಗದು. ಗುರುವಿನ ಮುಂದೆ ಚಾಪೆ ಹಾಸಬೇಕು. ಪಿಂಕ್ ಫ್ಲಾಯ್ಡ್‌ನ ‘ಹೈ ಹೋಪ್ಸ್’ ಹಾಡಿನ ಕೊನೆಯಲ್ಲಿ ಡೇವಿಡ್ ಗಿಲ್ಮರ್ ತೆಗೆಯುವ ಆ ಅಳುವ ನಾದಕ್ಕೆ ಸೋತು ಬಂದವನ ದಾರಿಯೇ ಬೇರೆ. ಆದ್ದರಿಂದ ಕೋರ್ಸನ್ನು ತೂಗುವ ಮೊದಲು ಕಿವಿಯಲ್ಲಿ ಯಾವ ಸದ್ದು ಕೂತಿದೆ ಎಂದು ನೋಡಿಕೊಳ್ಳಬೇಕು. ಜಿಜ್ಞಾಸುಗಳು ಬೆಲೆ, ರಿಯಾಯಿತಿ, ಒಟ್ಟು ಗಂಟೆ ಎಲ್ಲವನ್ನೂ ಎಕ್ಸೆಲ್ ಹಾಳೆಗೆ ತುಂಬಿ, ಇದೊಂದು ಕಲಮನ್ನೇ ಬಿಟ್ಟಿರುತ್ತಾರೆ.

ಈಗ ಕೋರ್ಸನ್ನು ತೂಗುವ ಪ್ರಮಾಣವಿಚಾರ. ಮೊದಲನೆಯದು ಕ್ಯಾಮೆರಾ ಪ್ರಮಾಣ. ಮಾಮೂಲಿ ಗಿಟಾರಿನಲ್ಲಿ ಬೆರಳು ಫ್ರೆಟ್ಟಿನ ಹಿಂದೆ ಒತ್ತಿದರೆ ಸಾಕು, ಸ್ವರವನ್ನು ಫ್ರೆಟ್ಟೇ ನೋಡಿಕೊಳ್ಳುತ್ತದೆ. ಇಲ್ಲಿ ತಂತಿ ಫ್ರೆಟ್ಟನ್ನು ಮುಟ್ಟುವುದೇ ಇಲ್ಲ. ಅದು ಬರೀ ಗೆರೆ. ಕಡ್ಡಿ ಆ ಗೆರೆಯ ನೆತ್ತಿಯ ಮೇಲೇ ನಿಲ್ಲಬೇಕು. ಇಪ್ಪತ್ತೆರಡೂವರೆ ಇಂಚಿನ ತಂತಿಯಲ್ಲಿ ಮೊದಲ ಸ್ವರಸ್ಥಾನಕ್ಕೆ 32 ಮಿಲಿಮೀಟರು ಜಾಗ ಸಿಕ್ಕರೆ, ಹನ್ನೆರಡನೆಯ ಫ್ರೆಟ್ಟಿನ ಹತ್ತಿರ 17 ಮಾತ್ರ. ಅಲ್ಲಿ ಕೂದಲೆಳೆ ತಪ್ಪಿದರೂ ಮನೆಯವರಿಗೆ ಗೊತ್ತಾಗುತ್ತದೆ. ಹೀಗಿರುವಾಗ ಗುರುಗಳ ನಗುಮುಖ ಕಾಣಲೆಂದು ಕ್ಯಾಮೆರಾವನ್ನು ಎದುರಿಗೆ ಓರೆಯಾಗಿ ಇಟ್ಟ ಪಾಠವಿದ್ದರೆ, ಸರಿಯಾಗಿ ನಿಂತ ಕಡ್ಡಿಯೂ ಗೆರೆ ಬಿಟ್ಟು ನಿಂತಂತೆ ಕಾಣುತ್ತದೆ. ಶಿಷ್ಯ ಕಂಡದ್ದನ್ನೇ ಮಾಡುತ್ತಾನೆ. ನೇರ ಮೇಲಿಂದ ಎಡಗೈ ತೋರಿಸದ ಕೋರ್ಸನ್ನು, ಅದರ ಗುರು ಗಂಧರ್ವನೇ ಆಗಿದ್ದರೂ, ಶಾಸ್ತ್ರ ಒಪ್ಪುವುದಿಲ್ಲ.

ಎರಡನೆಯದು ಮೌನ ಪ್ರಮಾಣ. ಕಡ್ಡಿ ಆರೂ ತಂತಿಗಳ ಮೇಲೆ ಒಟ್ಟಿಗೇ ಕೂತಿರುವುದರಿಂದ, ಒಂದನ್ನು ಮೀಟಿ ಇನ್ನೊಂದಕ್ಕೆ ಹೋದರೆ ಹಿಂದಿನದು ಸುಮ್ಮನಿರುವುದಿಲ್ಲ. ಮದುವೆಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದಂತೆ. ಬಲಗೈಯ ಅಂಚನ್ನು ತಂತಿಗೆ ತಾಗಿಸಿ ಬೇಡದ ನಾದವನ್ನು ಅಡಗಿಸುವುದಕ್ಕೆ ಬ್ಲಾಕಿಂಗ್ ಎನ್ನುತ್ತಾರೆ. ವಿದ್ಯೆಯ ಅರ್ಧ ಭಾಗ ಇದೇ. ಇದು ಮೊದಲ ಕೆಲವು ಪಾಠಗಳಲ್ಲೇ ಬಂದರೆ ಕೋರ್ಸು ಉತ್ತಮ. ‘ಮುಂದುವರಿದ ತಂತ್ರಗಳು’ ಎಂಬ ಹೆಸರಲ್ಲಿ ಕೊನೆಗೆ, ಅದೂ ಪ್ರತ್ಯೇಕ ಹಣಕ್ಕೆ ಬಂದರೆ ಅಧಮ.

ಕೊನೆಯದು ಶ್ರುತಿ ಪ್ರಮಾಣ. ಸಮಸ್ತ ಜಗಳಗಳ ತವರು ಇದು. ಸರಳೆವರಸೆಗೆ ಮಾಯಾಮಾಳವಗೌಳ ಎಂದು ಹಿರಿಯರು ಒಮ್ಮೆ ಹೇಳಿದರು, ಮುಗಿಯಿತು. ಈ ವಾದ್ಯಕ್ಕೆ ಅಂಥ ಹಿರಿಯರು ಸಿಗಲಿಲ್ಲ. ಒಬ್ಬರು ಓಪನ್ ಜಿ ಎಂದರೆ ಮತ್ತೊಬ್ಬರು ಓಪನ್ ಡಿ, ಬರ್ಡ್ ಅನುಯಾಯಿಗಳು ಸಿ6. ಒಂದರ ಪಾಠ ಇನ್ನೊಂದಕ್ಕೆ ಹೊಂದದು. ಸಾಧಕ ಕೊಳ್ಳುವುದು ಕೋರ್ಸನ್ನಲ್ಲ, ಶ್ರುತಿಯನ್ನು. ಹಣ ಕಟ್ಟಿದ ಮೇಲೆ ಅದು ತಿಳಿಯುತ್ತದೆ.

ಜಿಜ್ಞಾಸುವೊಬ್ಬ ಸಿ6 ಕೋರ್ಸು ಕೊಂಡನೆನ್ನಿ. ಪೇಟೆಯ ಅಂಗಡಿಯಲ್ಲಿ ಸಿಕ್ಕಿದ್ದು ಮಾಮೂಲಿ ಗಿಟಾರಿನ ತಂತಿ ಸೆಟ್ಟು. ಒಂದನೆಯ ತಂತಿ ಇದ್ದ ಹಾಗೇ ಸರಿ. ಎರಡು, ಮೂರನೆಯವನ್ನು ಒಂದೆರಡು ಸ್ವರಸ್ಥಾನ ಏರಿಸಿದರೆ ಸಾಕು. ನಾಲ್ಕನೆಯದು ಐದು, ಐದನೆಯದು ಏಳು ಸ್ವರಸ್ಥಾನ ಏರಬೇಕು, ಬಿರಡೆ ಕಿರಗುಟ್ಟುತ್ತದೆ. ಆರನೆಯದು ಎಂಟು. ಸಿ6ಗೆ ಬೇರೆಯೇ ದಪ್ಪದ ತಂತಿಗಳು ಬೇಕೆಂಬ ಮಾತು ಕೋರ್ಸಿನ ಒಂಬತ್ತನೆಯ ಪಾಠದಲ್ಲಿದೆ. ಇವನಿನ್ನೂ ಒಂದನೆಯದರಲ್ಲಿದ್ದಾನೆ. ಬಿರಡೆ ಇನ್ನೊಂದು ಸುತ್ತು ತಿರುಗುತ್ತದೆ, ತಂತಿ ‘ಟಣ್’ ಎಂದು ಹರಿದು ಕಿವಿಯ ಪಕ್ಕ ಹಾದು ಹೋಗುತ್ತದೆ, ಅಡುಗೆಮನೆಯಿಂದ “ಏನ್ರೀ ಅದು?” ಎಂಬ ಪ್ರಶ್ನೆ ಬರುತ್ತದೆ. ಉತ್ತರ ಕೊಡದೆ ಅವನು ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಹಾಳೆಗೆ ಹೊಸ ಸಾಲೊಂದನ್ನು ಸೇರಿಸುತ್ತಾನೆ: ಓಪನ್ ಜಿ.