‘ಫೋಟೊ ತೆಗೀತಾರೆ, ಓದೂದಿಲ್ಲ ಮಾರಾಯ್ರೆ’: ಒಂದು ಪಹಣಿಯ ಸಂದರ್ಶನ

ಬೆಂಗಳೂರಿನ ಫ್ಲಾಟು ಬಿಟ್ಟು ಮಲೆನಾಡಿನಲ್ಲೊಂದು ಹೆಂಚಿನ ಮನೆ, ಮನೆ ಹಿಂದೆ ಎರಡೆಕರೆ ಅಡಿಕೆ ತೋಟ ಕೊಳ್ಳಬೇಕೆಂಬ ಆಸೆಗೆ ಈಗ ಮದ್ದಿಲ್ಲ. ಆಸೆ ಹತ್ತಿದವರು ಮೊದಲು ಯೂಟ್ಯೂಬ್ ನೋಡುತ್ತಾರೆ, ಆಮೇಲೆ ದಲ್ಲಾಳಿಯ ಹಿಂದೆ ಸುತ್ತುತ್ತಾರೆ, ಕೊನೆಗೆ ವಕೀಲರ ಮನೆ ಮೆಟ್ಟಿಲು ಹತ್ತುತ್ತಾರೆ. ಎಲ್ಲವನ್ನೂ ಬಲ್ಲ ಒಬ್ಬರನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ. ಸಾಗರ ಸೀಮೆಯ ನಾಡಕಚೇರಿಯೊಂದರ ಪ್ರಿಂಟರಿನಿಂದ ಅವರು ಆಗಷ್ಟೇ ಹೊರಬಿದ್ದಿದ್ದರು, ಮೈ ಇನ್ನೂ ಬೆಚ್ಚಗಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಆಪರೇಟರ್ ಚಹಾಕ್ಕೆಂದು ಎದ್ದುಹೋದ. ಹೊರಗೆ ಆಷಾಢದ ಮಳೆ. ಮಾತಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ನಾವು: ನಮಸ್ಕಾರ. ತಮ್ಮ ಪೂರ್ತಿ ಹೆಸರು?

ಪಹಣಿ: ಹಕ್ಕುಗಳ, ಗೇಣಿ ಮತ್ತು ಪಹಣಿ ಪತ್ರಿಕೆ. ನಮೂನೆ 16. ಪೇಟೆಯವರು ಆರ್‌ಟಿಸಿ ಅಂತಾರೆ. ಮೊದಲು ಶಾನುಭೋಗರ ಕೈಬರಹದಲ್ಲಿದ್ದೆ, ಅವರ ಅಕ್ಷರ ಅವರೊಬ್ಬರಿಗೇ ಅರ್ಥ ಆಗ್ತಿತ್ತು. 2000ದ ಆಚೀಚೆ ‘ಭೂಮಿ’ ಯೋಜನೆ ಬಂತು, ಕಂಪ್ಯೂಟರ್ ಒಳಗೆ ಹೋಗಿ ಕೂತೆ. ಈಗ ಎಲ್ಲರಿಗೂ ಓದಲಿಕ್ಕೆ ಬರ್ತದೆ, ಯಾರಿಗೂ ಅರ್ಥ ಆಗೂದಿಲ್ಲ.

ನಾವು: ಇವತ್ತು ತಮ್ಮನ್ನು ತೆಗೆಸಿದವರು ಯಾರು?

ಪಹಣಿ: ಅಗೊ, ಜಗಲಿ ಮೇಲೆ ನಿಂತಿದ್ದಾರಲ್ಲ, ವೈಟ್‌ಫೀಲ್ಡಿನವರು. ಮೊಣಕಾಲು ಚಡ್ಡಿ, ಬೆಟ್ಟ ಹತ್ತುವ ಬೂಟು. ಉಂಬಳಕ್ಕೆ ಹೆದರಿ ಜೇಬಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡಿದ್ದಾರೆ. ಉಂಬಳ ಆಗಲೇ ಎಡಗಾಲಿನ ಸಾಕ್ಸಿನೊಳಗೆ ಊಟ ಮುಗಿಸ್ತಾ ಇದೆ, ಅವರಿಗಿನ್ನೂ ಗೊತ್ತಿಲ್ಲ. ನಾನು ಪ್ರಿಂಟರಿಂದ ಅರ್ಧ ಹೊರಗೆ ಬರೂದರೊಳಗೆ ಫೋಟೊ ಹೊಡೆದು ಹೆಂಡತಿಗೆ ಕಳಿಸಿದರು. ಆ ಕಡೆಯಿಂದ ಎರಡು ಕೆಂಪು ಹಾರ್ಟ್ ಬಂತು.

ನಾವು: ಓದಲಿಲ್ಲವೇ?

ಪಹಣಿ: ಕಾಲಂ 3 ನೋಡಿದರು. ಅಲ್ಲಿ ಎಕರೆ-ಗುಂಟೆ ಇರ್ತದೆ. ಅದರ ಕೆಳಗೇ ಫೂಟ್ ಖರಾಬು ಅಂತ ಒಂಬತ್ತು ಗುಂಟೆ ಕಳೆದದ್ದು ಕಣ್ಣಿಗೆ ಬೀಳಲಿಲ್ಲ. ಗುಂಟೆಗೆ 1089 ಚದರಡಿ. ಅವರ ಈಗಿನ ಫ್ಲಾಟು ಅಷ್ಟೇ ಇರಬೇಕು. ಅಂದರೆ ಒಂಬತ್ತು ಫ್ಲಾಟು ಹಳ್ಳ-ಕಲ್ಲುಬಂಡೆ ಲೆಕ್ಕಕ್ಕೆ ಹೋಯ್ತು. ಕಾಲಂ 11ಕ್ಕಂತೂ ಬರಲೇ ಇಲ್ಲ.

ನಾವು: ಅಲ್ಲಿ ಏನಿದೆ?

ಪಹಣಿ: ಇತರೆ ಹಕ್ಕುಗಳು ಮತ್ತು ಋಣಗಳು. ಸೊಸೈಟಿಯ ಬೆಳೆಸಾಲ ಉಂಟು, ಅಜ್ಜ ತೆಗೆದದ್ದು. ಅಪ್ಪ ತೀರಿಸಿದ. ತೀರಿದ ಮೇಲೆ ಅಳಿಸಲಿಕ್ಕೆ ಯಾರೂ ಬರಲಿಲ್ಲ. ಅಜ್ಜ ಹೋದ, ಅಪ್ಪ ಹೋದ, ಸಾಲ ಒಂದು ಗಟ್ಟಿಮುಟ್ಟಾಗಿದೆ.

ನಾವು: ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವಂತೆಯೇ ಇರಲಿಲ್ಲವಲ್ಲ?

ಪಹಣಿ: ಇರಲಿಲ್ಲ. ಭೂಸುಧಾರಣಾ ಕಾಯ್ದೆಯೊಳಗೆ 79ಎ, 79ಬಿ ಅಂತ ಇಬ್ಬರು ಕಾವಲಿಗೆ ಇದ್ದರು. ಒಬ್ಬ ಆದಾಯ ಎಷ್ಟು ಅಂತ ಕೇಳ್ತಿದ್ದ, ಇನ್ನೊಬ್ಬ ನೀನು ರೈತನಾ ಅಂತ ಕೇಳ್ತಿದ್ದ. ಆದಾಯದ ಮಿತಿ ಎರಡು ಲಕ್ಷ ಇದ್ದದ್ದನ್ನು 2015ರಲ್ಲಿ 25 ಲಕ್ಷ ಮಾಡಿದರು. ಆಗ ಬೆಂಗಳೂರಿನಲ್ಲಿ ರಾತ್ರೋರಾತ್ರಿ ರೈತರಾದವರನ್ನು ನೋಡಬೇಕಿತ್ತು ನೀವು. ಹುಟ್ಟಿದ ಮೇಲೆ ಹುಲ್ಲುಕಡ್ಡಿ ಕಿತ್ತವರಲ್ಲ, ಮುತ್ತಜ್ಜನ ಹೆಸರಿನ ಅರ್ಧ ಗುಂಟೆ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಬಂದರು. 2020ರಲ್ಲಿ ಇಬ್ಬರು ಕಾವಲುಗಾರರನ್ನೂ ಮನೆಗೆ ಕಳಿಸಿದರು. ಕೊರೊನಾದ ವರ್ಷ ಅದು. ಬಾಗಿಲು ಹಾಕಿಕೊಂಡು ಕೂತವರಿಗೆ ಹಳ್ಳಿ ನೆನಪಾದದ್ದೂ ಆ ವರ್ಷ, ಹಳ್ಳಿಯ ಬಾಗಿಲು ತೆಗೆದದ್ದೂ ಆ ವರ್ಷ.

ನಾವು: ಅದರಿಂದ ಒಳ್ಳೆಯದಾಯಿತೋ ಕೆಟ್ಟದಾಯಿತೋ?

ಪಹಣಿ: ಅಭಿಪ್ರಾಯ ಬರೆಯಲಿಕ್ಕೆ ನನ್ನಲ್ಲಿ ಕಾಲಂ ಇಲ್ಲ. ರೇಟು ಮಾತ್ರ ಹೇಳಬಲ್ಲೆ. 2023ರಲ್ಲಿ ಶಿವಮೊಗ್ಗಕ್ಕೆ ವಿಮಾನ ಬಂತಲ್ಲ, ಅದನ್ನು ನೋಡಿ ಎಕರೆಯ ರೇಟೂ ಹಾರಲಿಕ್ಕೆ ಕಲಿತಿದೆ. ಇಳಿಯೂದು ಇನ್ನೂ ಕಲಿತಿಲ್ಲ.

ನಾವು: ವೈಟ್‌ಫೀಲ್ಡಿನವರಿಗೆ ದಲ್ಲಾಳಿ ಏನೇನು ಹೇಳಿದ್ದಾನೆ?

ಪಹಣಿ: ತೋಟ ಕೊಂಡರೆ ಎಂಟೆಕರೆ ಕಾಡು ಫ್ರೀ ಅಂದಿದ್ದಾನೆ.

ನಾವು: ಕಾಡು ಫ್ರೀ?

ಪಹಣಿ: ಸೊಪ್ಪಿನ ಬೆಟ್ಟ ಮಾರಾಯ್ರೆ. ತೋಟಕ್ಕೆ ಸೊಪ್ಪು, ದರಕು ತಂದು ಹಾಕಿಕೊಳ್ಳಲಿಕ್ಕೆ ಹಿಂದಿನಿಂದ ಬಿಟ್ಟ ಜಾಗ. ಸೊಪ್ಪಿನ ಮೇಲಷ್ಟೇ ನಮ್ಮ ಹಕ್ಕು, ನೆಲ ಸರ್ಕಾರದ್ದು. ಅಲ್ಲಿಂದ ಕಣಿವೆ ಚೆಂದ ಕಾಣ್ತದೆ ಅಂತ ಅವರು ಈಜುಕೊಳಕ್ಕೆ ನಕ್ಷೆ ಹಾಕಿಸಿದ್ದಾರೆ. ಮೊದಲ ದಿನ ಜೆಸಿಬಿ ಹತ್ತಲಿ, ಎರಡನೇ ದಿನ ಫಾರೆಸ್ಟಿನವರೂ ಹತ್ತುತ್ತಾರೆ. ಬೆಳಿಗ್ಗೆ ಅದೇ ಬೆಟ್ಟದಲ್ಲಿ ನೇಚರ್ ವಾಕ್ ಮಾಡ್ತೇವೆ ಅಂತಲೂ ಹೇಳ್ತಿದ್ದರು. ಬೇಸಗೆಯಲ್ಲಿ ಉಣುಗಿನ ಕಾಟ ಉಂಟು ಅಂತ ದಲ್ಲಾಳಿ ಹೇಳಿಲ್ಲ. ಆ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಅನ್ನೂದು ಲೋಕಕ್ಕೆ ಗೊತ್ತಾದದ್ದೇ ಇಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ, 1957ರಲ್ಲಿ. ಅದನ್ನು ಬ್ರೋಷರಿನಲ್ಲಿ ಹಾಕೂದು ಕಷ್ಟವೇ.

ನಾವು: ಮನೆಗೆ ದಾರಿ ಚೆನ್ನಾಗಿದೆಯಂತೆ. ಕಾರು ಅಂಗಳದವರೆಗೂ ಹೋಗುತ್ತದಂತೆ.

ಪಹಣಿ: ಹೋಗ್ತದೆ. ಆದರೆ ಅವರು ಕೊಳ್ಳುವ ಹಿಸ್ಸೆಯಲ್ಲಿ ಆ ದಾರಿ ಇಲ್ಲ. ಪಕ್ಕದವರ ತೋಟದ ಅಂಚಿನಲ್ಲಿ ಬರ್ತದೆ ಅದು. ಇಷ್ಟು ವರ್ಷ ಯಾಕೆ ಬಿಟ್ಟುಕೊಟ್ಟಿದ್ದಾರೆ ಕೇಳಿ. ಹಿಂದೆ ಒಂದು ಮಳೆಗಾಲದಲ್ಲಿ ಈ ಮನೆಯ ಹುಡುಗನಿಗೆ ಹಾವು ಕಚ್ಚಿತ್ತು. ಹೊಳೆ ತುಂಬಿತ್ತು. ಆ ಮನೆಯ ಹೆಗಡೇರು ಅವನನ್ನು ಕಂಬಳಿಯಲ್ಲಿ ಕಟ್ಟಿ ಹೆಗಲ ಮೇಲೆ ಹಾಕಿಕೊಂಡು ಹೊಳೆ ದಾಟಿಸಿದರು. ಹುಡುಗ ಉಳಿದ. ಅವತ್ತಿನಿಂದ ದಾರಿ ಕೇಳಬೇಕಾಗಿ ಬರಲಿಲ್ಲ. ಮೊದಲು ಕಾಲುದಾರಿ, ಆಮೇಲೆ ಗಾಡಿದಾರಿ, ಆಮೇಲೆ ಜೀಪು. ಇದು ನನ್ನ ಯಾವ ಕಾಲಮ್ಮಿನಲ್ಲೂ ಇಲ್ಲ. ಕ್ರಯಪತ್ರದಲ್ಲಿ ವಕೀಲರು ‘ಮಾಮೂಲು ದಾರಿ ಹಕ್ಕು ಸಮೇತ’ ಅಂತ ಒಂದು ಸಾಲು ಬರೀತಾರೆ. ಹೊಳೆ ದಾಟಿಸಿದ್ದನ್ನು ಯಾವ ಸಬ್‌ರಿಜಿಸ್ಟ್ರಾರೂ ನೋಂದಣಿ ಮಾಡಿಕೊಳ್ಳೂದಿಲ್ಲ.

ನಾವು: ಕಾನೂನಿನಲ್ಲಿ ದಾರಿ ಹಕ್ಕು ಇದೆಯಲ್ಲ?

ಪಹಣಿ: ಉಂಟು, ಉಂಟು. 1882ರ ಕಾಯ್ದೆ. ಇಪ್ಪತ್ತು ವರ್ಷ ಯಾರ ಅಡ್ಡಿಯೂ ಇಲ್ಲದೆ ಹಕ್ಕಿನಿಂದ ಓಡಾಡಿದ ದಾರಿ ನಿಮ್ಮದು ಅಂತ ಹೇಳ್ತದೆ. ಅನುಮತಿ ಮೇಲೆ ಓಡಾಡಿದ್ದಾದರೆ ಅಲ್ಲ. ಇದು ಹಕ್ಕೋ ಅನುಮತಿಯೋ ಅಂತ ಕೋರ್ಟು ತೀರ್ಮಾನ ಮಾಡುವಾಗ ಇನ್ನೊಂದು ಇಪ್ಪತ್ತು ವರ್ಷ ಆಗಿರ್ತದೆ. ಅಷ್ಟಕ್ಕೆಲ್ಲ ಹೋಗಬೇಕಾಗಿಯೇ ಇಲ್ಲ. ಆದರೆ ಹೊಸಬರು ಬಂದ ವಾರಕ್ಕೇ ದಣಪೆ ಕಿತ್ತು ಕಬ್ಬಿಣದ ಗೇಟು ಹಾಕಿಸ್ತಾರೆ. ಗೇಟಿನ ಮೇಲೆ ಕ್ಯಾಮೆರಾ. ಪಕ್ಕದ ಮನೆಯಮ್ಮ ಯಾವಾಗಲೂ ಆ ಅಂಗಳ ಹಾದೇ ಹೊಳೆಗೆ ಹೋಗೂದು. ಮೊನ್ನೆವರೆಗೆ ‘ಎಂತ ಅಡುಗೆ ಅಕ್ಕ’ ಅಂತ ಕೇಳಿಕೊಂಡು ಹೋಗ್ತಿದ್ದವರಿಗೆ ಕ್ಯಾಮೆರಾದೊಳಗಿಂದ ‘ಹೂ ಈಸ್ ದಟ್’ ಅಂತ ದನಿ ಬಂದರೆ ಹೇಗಾಗ್ತದೆ? ಮಾರನೇ ದಿನ ಬೆಳಿಗ್ಗೆ ದಾರಿಗೆ ಅಡ್ಡ ಅಡಿಕೆ ದಬ್ಬೆ ಬಿದ್ದಿರ್ತದೆ. ಕಾರು ಅಂಗಳದಲ್ಲಿ, ಕಾರಿನವರು ತಹಶೀಲ್ದಾರರ ಕಚೇರಿಯಲ್ಲಿ.

ನಾವು: ಅಷ್ಟು ಚೆಂದದ ಮನೆಯನ್ನು ಮಾಲೀಕರು ಮಾರುತ್ತಿರುವುದೇಕೆ?

ಪಹಣಿ: ಅವರಿಗೆ ಎಪ್ಪತ್ತು ದಾಟಿತು. ಮರ ಹತ್ತುವ ಕೊನೆಗಾರರು ಸಿಗೂದಿಲ್ಲ. ಕೊಳೆರೋಗದ ಮೇಲೆ ಎಲೆಚುಕ್ಕಿ ಬಂತು. ಮಂಗಗಳು ಎಳೆ ಅಡಿಕೆಯನ್ನೂ ಬಿಡೂದಿಲ್ಲ. ಇದೆಲ್ಲ ತಡಕೊಂಡಾರು, ಮಗನಿಗೆ ಹೆಣ್ಣು ಸಿಗಲಿಲ್ಲ. ತೋಟ ಉಂಟು ಅಂದರೆ ಹುಡುಗಿಯ ಮನೆಯವರು ಫೋನ್ ಇಡ್ತಾರೆ. ಬೆಂಗಳೂರಲ್ಲಿ ಫ್ಲಾಟು ಇದ್ದರೆ ಮಾತಾಡಬಹುದು ಅಂದರಂತೆ. ಅದಕ್ಕೇ ಮಾರಿ ಫ್ಲಾಟು ತಗೊಳ್ತಿದ್ದಾರೆ.

ನಾವು: ಯಾವ ಕಡೆ?

ಪಹಣಿ: ವೈಟ್‌ಫೀಲ್ಡ್.

ನಾವು: ಕಾಲಂ 9ರ ಬಗ್ಗೆ ಹೇಳಿ. ಎಲ್ಲರಿಗೂ ತಮ್ಮ ಹೆಸರು ಅಲ್ಲಿ ಕಾಣುವ ಆಸೆ.

ಪಹಣಿ: ನನ್ನ ಕಾಲಂ 9ರಲ್ಲಿ ಐದು ಹೆಸರು, ಜಂಟಿ. ಮೂವರು ಸತ್ತಿದ್ದಾರೆ. ನಗಬೇಡಿ, ರಾಜ್ಯದ ತುಂಬ ಲಕ್ಷಗಟ್ಟಲೆ ಪಹಣಿ ಸತ್ತವರ ಹೆಸರಿನಲ್ಲೇ ಓಡ್ತಾ ಇದೆ, ಸರ್ಕಾರವೇ ಪೌತಿ ಖಾತೆ ಅಂತ ಆಂದೋಲನ ಮಾಡಬೇಕಾಯ್ತು. ಉಳಿದ ಇಬ್ಬರಲ್ಲಿ ಒಬ್ಬ ಅಮೆರಿಕದಲ್ಲಿ, ಇನ್ನೊಬ್ಬ ಇಲ್ಲೇ ಇದ್ದಾನೆ, ಆದರೆ ಅವರಿಬ್ಬರಿಗೆ ಮಾತಿಲ್ಲ. ಶಿರಸಿ ಕಡೆ ಕೊಟ್ಟ ತಂಗಿ ಒಬ್ಬಳಿದ್ದಾಳೆ, ಹೆಸರಿಲ್ಲ, ಆದರೆ 2005ರಲ್ಲಿ ವಾರಸು ಕಾಯ್ದೆಯ ತಿದ್ದುಪಡಿ ಆದ ಮೇಲೆ ಸಮಪಾಲು ಅವಳಿಗೂ ಉಂಟು. ಸಹಿ ಕೇಳಲಿಕ್ಕೆ ಹೋದರೆ ದುಡ್ಡಿನ ಮಾತೇ ಇಲ್ಲ. ‘ಆಯಿಯ ಎರಡೆಳೆ ಸರ ಯಾರ ಹತ್ತಿರ ಇದೆ, ಮೊದಲು ಅದು ಹೇಳಿ’ ಅಂತಾಳೆ. ವೈಟ್‌ಫೀಲ್ಡಿನವರ ವಕೀಲರು ಇದನ್ನು ‘ಟೈಟಲ್ ಇಶ್ಯೂ’ ಅಂತ ಬರಕೊಳ್ತಾರೆ.

ನಾವು: ಅವರು ಬಂದು ನೆಲೆಸಿದ ಮೇಲೆ?

ಪಹಣಿ: ಕಾಲಂ 12ರಲ್ಲಿ ಬೆಳೆ ಬರೀಬೇಕು, ಯಾರು ಸಾಗುವಳಿ ಮಾಡಿದರು ಅಂತಲೂ ಬರೀಬೇಕು. ಇಂಥವರ ತೋಟ ನಾನು ಎಷ್ಟೋ ನೋಡಿದ್ದೇನೆ. ಮೊದಲ ವರ್ಷ ತೋಟಕ್ಕೆ ರಾಸಾಯನಿಕ ಬೇಡ ಅಂತ ಬೋರ್ಡೊ ದ್ರಾವಣವನ್ನೂ ನಿಲ್ಲಿಸ್ತಾರೆ. ಮೈಲುತುತ್ತ ಒಂದು ಕಿಲೊ, ಸುಣ್ಣ ಒಂದು ಕಿಲೊ, ನೀರು ನೂರು ಲೀಟರ್, ಅಷ್ಟೇ ಅದು, ಸಾವಯವದವರೂ ಒಪ್ಪಿದ್ದು. ಜುಲೈಯಲ್ಲಿ ಕೊಳೆ ಬಂದು ಹಸಿರಡಿಕೆ ಬುಡದಲ್ಲಿ ಚೆಲ್ಲಿ ನಾರುವಾಗ ‘ಪ್ರಕೃತಿಯ ಸಮತೋಲನ’ ಅಂತ ವಿಡಿಯೊ ಹಾಕ್ತಾರೆ. ಎರಡನೇ ವರ್ಷ ಬೋರ್ಡೊ ಹೊಡೆಯಲಿಕ್ಕೆ ಕೊನೆಗಾರನ ಮನೆ ಬಾಗಿಲು ಕಾಯ್ತಾರೆ. ಅವನು ಮರದಿಂದ ಮರಕ್ಕೆ ಜೀಕುವುದನ್ನೂ ವಿಡಿಯೊ ಮಾಡ್ತಾರೆ. ಮಜೂರಿ ಕೇಳಿದ ಮೇಲೆ ವಿಡಿಯೊ ನಿಲ್ತದೆ. ಮೂರನೇ ವರ್ಷ ಹೋಂಸ್ಟೇ. ಶಾಂತಿ ಹುಡುಕಿಕೊಂಡು ಬಂದವರು ಶಾಂತಿಯನ್ನು ರೂಮು ಲೆಕ್ಕದಲ್ಲಿ ಬಾಡಿಗೆಗೆ ಕೊಡ್ತಾರೆ, ಬಾಡಿಗೆಗೆ ಬಂದವರು ಸ್ಪೀಕರ್ ತರ್ತಾರೆ. ನನ್ನ ಕಾಲಂ 12ರಲ್ಲಿ ಆಗಲೂ ‘ಅಡಿಕೆ’ ಅಂತಲೇ ಇರ್ತದೆ.

ನಾವು: ಇಷ್ಟೆಲ್ಲ ತಾಪತ್ರಯ ಇದ್ದರೆ ಪಹಣಿಯ ಸಹವಾಸವೇ ಬೇಡ ಎನ್ನಿಸುವುದಿಲ್ಲವೇ ಜನಕ್ಕೆ?

ಪಹಣಿ: ಹಾಗೆ ಹೇಳಬೇಡಿ. ಕಿಟಕಿ ಹತ್ತಿರ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದಾರಲ್ಲ, ಆ ಅಜ್ಜ. ಅವರು ಹುಟ್ಟಿದ ಮನೆ ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಆಣೆಕಟ್ಟು ಮುಗಿಯಿತು. ಅದಕ್ಕೂ ಮೊದಲೇ ಊರೂರನ್ನೇ ಲಾರಿಗೆ ತುಂಬಿ ತಂದು ಕಾಡಿನಲ್ಲಿ ಇಳಿಸಿದ್ದರು. ಶರಾವತಿಯ ಕರೆಂಟಿನಿಂದ ಬೆಂಗಳೂರು ಬೆಳೆಯಿತು. ಇವರಿಗೆ ಕೊಟ್ಟ ಜಾಗ ಕಾಗದದಲ್ಲಿ ಮಾತ್ರ ಕಾಡಾಗಿಯೇ ಉಳಿಯಿತು. ಮಧ್ಯೆ ಸರ್ಕಾರ ಡಿನೋಟಿಫಿಕೇಷನ್ ಮಾಡಿತು. ಕೇಂದ್ರದ ಅನುಮತಿ ಇಲ್ಲದೆ ಮಾಡಿದ್ದು ಅಂತ 2021ರಲ್ಲಿ ಅದೂ ಬಿದ್ದುಹೋಯಿತು. ಅಜ್ಜ ಈಗಲೂ ಬರ್ತಾರೆ. ಚೀಲದೊಳಗೆ ಅರ್ಜಿ, ಅರ್ಜಿಯ ಸ್ವೀಕೃತಿ, ಸ್ವೀಕೃತಿಯ ಜೆರಾಕ್ಸು. ಇಲ್ಲೇ ಬೆಳೆದರು, ಇಲ್ಲೇ ಮುದುಕರಾದರು, ನೆಟ್ಟ ಹಲಸು ಎರಡು ತಲೆಮಾರಿಗೆ ಹಣ್ಣು ಕೊಟ್ಟಿತು. ತಮ್ಮ ಹೆಸರಿನ ಪಹಣಿ ಹೇಗಿರ್ತದೆ ಅಂತ ಅವರು ನೋಡಿಲ್ಲ. ಜಗಲಿ ಮೇಲಿನವರು ಮಾತ್ರ ಮುಂದಿನ ತಿಂಗಳ ಗೃಹಪ್ರವೇಶಕ್ಕೆ ಕ್ಯಾಟರಿಂಗ್‌ನವರಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದಾರೆ.

(ಇಲ್ಲಿ ಕರೆಂಟು ಬಂತು. ಆಪರೇಟರ್ ಬಾಯಿ ಒರೆಸಿಕೊಳ್ಳುತ್ತ ಬಂದು ಕೂತ, ಪಹಣಿಯನ್ನು ಎತ್ತಿ ಬೆಳಕಿಗೆ ಹಿಡಿದ, ಹುಬ್ಬು ಗಂಟು ಹಾಕಿದ. ‘ಸಾರ್, ನೀವು ಕೇಳಿದ್ದು 42ರ 2 ಅಲ್ಲವಾ? ಇದು 42ರ 3 ಬಂದುಬಿಟ್ಟಿದೆ. ಬೇರೆ ತೆಗೀತೇನೆ, ಸ್ವಲ್ಪ ಇರಿ’ ಎಂದು ಜಗಲಿಗೆ ಕೇಳುವಂತೆ ಕೂಗಿದ. ಜಗಲಿಯ ಮೇಲಿದ್ದವರು ಒಂದು ಕಾಲಿನ ಬೂಟು ಬಿಚ್ಚಿ ಚೀರುತ್ತಿದ್ದರು.)

ನಾವು: ಅಂದರೆ ತಾವು ಅವರು ಕೊಳ್ಳುವ ಜಾಗದ ಪಹಣಿಯೇ ಅಲ್ಲವೇ?

ಪಹಣಿ: ಅಲ್ಲ. ನಾನು ಪಕ್ಕದ ಹಿಸ್ಸೆ. ಆ ದಾರಿ ಹೋಗೂದು ನನ್ನ ಮೇಲೆ.

ನಾವು: ಮೊದಲೇ ಹೇಳಬಾರದಿತ್ತೇ?

ಪಹಣಿ: ಹೆಂಡತಿ ಆಗಲೇ ಹಾರ್ಟ್ ಕಳಿಸಿದ್ದರಲ್ಲ ಮಾರಾಯ್ರೆ. ಮತ್ತೆ, 42ರ 2ನ್ನು ಅಳೆದು ಬೇರೆ ಮಾಡುವ ಪೋಡಿಯೇ ಇನ್ನೂ ಆಗಿಲ್ಲ. ಅದರ ಸಂದರ್ಶನಕ್ಕೆ ಬರುವಾಗ ಬುತ್ತಿ ಕಟ್ಟಿಕೊಂಡು ಬನ್ನಿ.